ಮರಳಿಗೊಂದು ಹಾಸು, ಬಾಟಲಿಗೊಂದು ಬಲೆ: ಬೇಸಿಗೆ ಪಿಕ್ನಿಕ್ಕಿಗೆ ನಾನು ಹೊಲಿದದ್ದು, ಹೆಣೆದದ್ದು

ನಮ್ಮ ಜಿಲ್ಲೆಯಲ್ಲಿ ಪಿಕ್ನಿಕ್ ಅಂದರೆ ಎರಡೇ ದಿಕ್ಕು. ಘಟ್ಟ ಇಳಿದರೆ ಮರಳು, ಮೇಲೇ ಉಳಿದರೆ ಹೊಳೆಬಂಡೆ. ಮಕ್ಕಳ ಪರೀಕ್ಷೆ ಮುಗಿಯುವುದೇ ತಡ, ಶಿರಸಿಯ ನಮ್ಮ ಮನೆಗೂ ಕಾರವಾರದ ತಂಗಿಯ ಮನೆಗೂ ಓಡಾಟ ಶುರು. ಅವರು ಬಂದರೆ ಶಾಲ್ಮಲಾ ಹೊಳೆಯ ಸಹಸ್ರಲಿಂಗ, ನಾವು ಹೋದರೆ ಟಾಗೋರ್ ಕಡಲತೀರ ಇಲ್ಲವೇ ಮಾಜಾಳಿ. ನಾನು ಊರವರ ರವಿಕೆ, ಲಂಗ ಹೊಲಿಯುವವಳು. ಮಷಿನ್ನಿನ ಪಕ್ಕದ ಚೀಲದಲ್ಲಿ ತುಂಡುಬಟ್ಟೆಗೆ ಯಾವತ್ತೂ ಬರ ಇಲ್ಲ, ಸಂಜೆ ಕೈ ಸುಮ್ಮನಿರಲು ಒಪ್ಪುವುದೂ ಇಲ್ಲ. ಹಾಗಾಗಿ ಬುತ್ತಿ ಕಟ್ಟುವ ಬಟ್ಟೆಯಿಂದ ಹಿಡಿದು ಕೂರುವ ಹಾಸಿನವರೆಗೆ ಈಗ ಎಲ್ಲವೂ ಮನೆಯದೇ.

ಪಿಕ್ನಿಕ್ಕಿಗೆಂದು ಹೊಲಿಯುವ ಸಾಮಾನಿನ ಚಿತ್ರಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಹುಲ್ಲಿನ ಮೇಲೆ ಹತ್ತಿ ತುಂಬಿದ ದಪ್ಪ ರಜಾಯಿ, ಉಣ್ಣೆಯ ದಿಂಬು, ಜಿಪ್ ಹಾಕಿದ ಬುಟ್ಟಿ. ಚಂದವೇನೋ ಹೌದು, ಆದರೆ ಅವೆಲ್ಲ ತಂಪು ದೇಶದ ಒಣ ಹುಲ್ಲಿಗೆ ಹೊಂದುವಂಥವು. ನಮ್ಮಲ್ಲಿ ಇರುವುದು ಉಪ್ಪು, ಮರಳು, ಬೆವರು, ಗಾಳಿಮರದ ಕಡ್ಡಿ, ಮೇ ಕೊನೆಯಲ್ಲಿ ಹೇಳದೆ ಕೇಳದೆ ಸುರಿಯುವ ಮಳೆ. ಏನನ್ನೇ ಕತ್ತರಿಸುವ ಮೊದಲು ನಾನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಕೊಡವಿದರೆ ಮರಳು ಉದುರುತ್ತದೆಯೇ? ತೊಳೆದರೆ ಸಂಜೆಯೊಳಗೆ ಒಣಗುತ್ತದೆಯೇ? ಎರಡಕ್ಕೂ ಹೌದು ಅನ್ನದಿದ್ದರೆ ಎಷ್ಟೇ ಚಂದವಿದ್ದರೂ ನನಗೆ ಬೇಡ.

ಹಾಸಿನಿಂದಲೇ ಶುರು ಮಾಡುತ್ತೇನೆ. ಹೆಚ್ಚು ಸಮಯ ಹಿಡಿಯುವುದೂ ಅದೇ, ಹೆಚ್ಚು ಉಪಯೋಗವಾಗುವುದೂ ಅದೇ.

ಕೌದಿ ನಮಗೆ ಹೊಸದಲ್ಲ. ಆದರೆ ಈ ಹಾಸಿನ ಕ್ರಮ ನಾನು ಕಲಿತದ್ದು ಯಲ್ಲಾಪುರದ ಕಡೆಯ ಒಬ್ಬ ಸಿದ್ದಿ ಹೆಂಗಸಿನ ಪಕ್ಕ ಕೂತು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಯರು ಇದಕ್ಕೆ ಕವಂದಿ ಅನ್ನುತ್ತಾರೆ. ನಾವು ಟೈಲರುಗಳು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಬಟ್ಟೆ ಮಾಡಿ, ಆಮೇಲೆ ಅಡಿಗೆ ಅಸ್ತರು ಕೊಡುತ್ತೇವೆ. ಅವರದ್ದು ಪೂರ್ತಿ ಉಲ್ಟಾ. ಮೊದಲು ಹಳೆ ಸೀರೆಯೊಂದನ್ನು ನೆಲಕ್ಕೆ ಹಾಸುತ್ತಾರೆ. ಒಂದು ಮೂಲೆಯಲ್ಲಿ ತುಂಡು ಇಟ್ಟು, ಅದರ ಅಂಚು ಒಳಗೆ ಮಡಚಿ, ಕೈಯಲ್ಲೇ ಸಾಲುಹೊಲಿಗೆ ಹಾಕುತ್ತ ಅಂಚಿನ ಗುಂಟ ಹೊರಡುತ್ತಾರೆ. ಮೂಲೆ ಬಂದಲ್ಲಿ ತಿರುಗಿ ಮತ್ತೆ ಅಂಚು. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು, ಹೀಗೆ ನಡುವಿಗೆ ಬಂದು ಕೆಲಸ ಮುಗಿಯುತ್ತದೆ. ನಕ್ಷೆ ಇಲ್ಲ, ಗುರುತು ಹಾಕುವ ಸೀಮೆಸುಣ್ಣ ಇಲ್ಲ. ಕೈಗೆ ಬಂದ ತುಂಡು, ಅದರ ಪಕ್ಕಕ್ಕೆ ಒಪ್ಪುವ ಇನ್ನೊಂದು ತುಂಡು, ಅಷ್ಟೇ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಬಟ್ಟೆ ಕೂರಿಸುತ್ತಾರೆ. ಅದಕ್ಕೆ ಫುಲಾ ಅಂತ ಹೆಸರು. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ.

ಹೊಲಿಯುವವರ ಲೆಕ್ಕದಲ್ಲಿ ಈ ಕ್ರಮದ ದೊಡ್ಡ ಲಾಭ ಅಂಚಿನದು. ಹೊರಗಿನಿಂದ ಒಳಗೆ ಬರುವುದರಿಂದ ಅಂಚು ಮೊದಲೇ ಗಟ್ಟಿಯಾಗಿ ಕೂತಿರುತ್ತದೆ, ಅಲೆ ಅಲೆಯಾಗಿ ಏಳುವುದಿಲ್ಲ, ಬೇರೆ ಪಟ್ಟಿ ಹೊಲಿಯುವ ಗೋಜಿಲ್ಲ. ಬಟ್ಟೆಯಲ್ಲಿ ಸಡಿಲವೇನಾದರೂ ಉಳಿದರೆ ಅದು ನಡುವಿಗೆ ತಳ್ಳಿಕೊಂಡು ಹೋಗುತ್ತದೆ, ಅಲ್ಲಿ ಕೊನೆಯ ತುಂಡಿನ ಕೆಳಗೆ ಅಡಗಿಸಬಹುದು.

ನನ್ನ ಹಾಸಿನ ಅಳತೆ 54 ಇಂಚು ಅಗಲ, 72 ಇಂಚು ಉದ್ದ. ದೊಡ್ಡವರು ನಾಲ್ವರು ಕಾಲು ಮಡಚಿ ಕೂತು ನಡುವೆ ಡಬ್ಬಿಗಳನ್ನೂ ಇಡಬಹುದು. ಇದಕ್ಕಿಂತ ದೊಡ್ಡದು ಮಾಡಿದರೆ ಬಸ್ಸಿನಲ್ಲಿ ಹೊರುವವರು ಬೇರೆ ಬೇಕು. ಮೇಲಿನ ತುಂಡುಗಳೆಲ್ಲ ಹತ್ತಿಯವು: ಹಳೆ ಸೀರೆ, ಪಂಚೆ, ರವಿಕೆಯ ಉಳಿಕೆ. ಸಿಂಥೆಟಿಕ್ ತುಂಡು ಒಂದೇ ಒಂದು ಸೇರಿದರೂ ಬಿಸಿಲಿಗೆ ಅದೊಂದೇ ಜಾಗ ತೊಡೆಗೆ ಅಂಟುತ್ತದೆ. ಹೊಸ ಬಟ್ಟೆಯ ತುಂಡಿದ್ದರೆ ಮೊದಲು ನೀರಿಗೆ ಹಾಕಿ ಒಣಗಿಸಿಕೊಳ್ಳಬೇಕು. ಹಳೆಯದು ಕುಗ್ಗಿ ಮುಗಿದಿರುತ್ತದೆ, ಹೊಸದು ಇನ್ನು ಕುಗ್ಗಬೇಕಷ್ಟೇ. ಎರಡನ್ನೂ ಹಾಗೇ ಸೇರಿಸಿ ಹೊಲಿದರೆ ಮೊದಲ ತೊಳೆತಕ್ಕೇ ಸುಕ್ಕು. ಕೆಂಪು, ಕಡುನೀಲಿ ಬಟ್ಟೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುತ್ತೇನೆ. ಬಣ್ಣ ಬಿಟ್ಟರೆ ಅದು ಬೇರೆ ಕೆಲಸಕ್ಕೆ.

ಪದರ ಎಷ್ಟು ಅನ್ನುವುದರಲ್ಲಿ ನಮ್ಮ ಅತ್ತೆಯ ಮಾತೇ ಕೊನೆ. ನಾನು ನಡುವೆ ಎರಡು ಸೀರೆ ಮಡಚಿ ಇಡಲು ಹೊರಟಿದ್ದೆ. ಅತ್ತೆ ಜಗಲಿಯಲ್ಲಿ ಅಡಿಕೆ ಹೆಕ್ಕುತ್ತಲೇ, ‘ದಪ್ಪ ಮಾಡಡ ಕೂಸೆ, ತೊಳದ್ರೆ ಒಣಗ್ತಿಲ್ಲೆ’ ಅಂದರು. ಅಡಿಯ ಸೀರೆ, ನಡುವೆ ಒಂದೇ ಪದರ ತೆಳು ಪಂಚೆ, ಮೇಲೆ ತುಂಡುಗಳು: ಅಲ್ಲಿಗೆ ನಿಲ್ಲಿಸಿದೆ. ಹೊದೆಯುವ ಕೌದಿಗೆ ದಪ್ಪವೇ ಸುಖ. ಮರಳಿಗೆ ಹಾಸುವುದಕ್ಕೆ ತೆಳುವಾದಷ್ಟೂ ಒಳ್ಳೆಯದು, ಮರಳಿಗಿಂತ ಮೆತ್ತನೆಯ ಹಾಸಿಗೆ ಇನ್ನೆಲ್ಲಿದೆ?

ಹೊಲಿಗೆ ಇಂಚಿಗೆ ಐದಾರು, ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು. ಉದ್ದುದ್ದ ಹೊಲಿಗೆ ಹಾಕಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಮಕ್ಕಳ ಕಾಲ್ಬೆರಳು ಸಿಕ್ಕಿ ದಾರ ಕಿತ್ತು ಬರುತ್ತದೆ, ಗಾಳಿಮರದ ಕೆಳಗಾದರೆ ಅದರ ಕಡ್ಡಿ ಒಂದೊಂದು ಹೊಲಿಗೆಯೊಳಗೂ ಹೊಕ್ಕು ಕೂರುತ್ತದೆ. ದಾರವನ್ನು ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದಿಲ್ಲ, ಬಟ್ಟೆಯೊಳಗೆ ಸಲೀಸಾಗಿ ಜಾರುತ್ತದೆ. ಮಷಿನ್ನಿನಲ್ಲಿ ಹೊಲಿಯಬಾರದೇ ಎಂದು ಕೇಳುವವರಿದ್ದಾರೆ. ಹೊಲಿಯಬಹುದು. ಆದರೆ ಮಡಚಿದ ಅಂಚುಗಳು ಒಂದರ ಮೇಲೊಂದು ಬಂದಲ್ಲಿ ಆರೇಳು ಪದರವಾಗುತ್ತದೆ, 16ರ ಸೂಜಿಯೂ ಅಲ್ಲಿ ತಿಣುಕುತ್ತದೆ. ನನ್ನ ಹೊಟ್ಟೆಪಾಡಿನ ಮಷಿನ್ನಿಗೆ ಆ ಕಷ್ಟ ಕೊಡಲು ಮನಸ್ಸಿಲ್ಲ. ಮೇಲಾಗಿ ಕೈಹೊಲಿಗೆಯ ಸಾಲು ಸ್ವಲ್ಪ ಹಿಂದೆ ಮುಂದೆ ಆದರೇ ಕವಂದಿಗೆ ಲಕ್ಷಣ.

ಇನ್ನು ಅಡಿಯ ಪಸೆ. ಅಲೆ ಇಳಿದುಹೋದ ಮರಳು ಮೇಲೆ ಒಣಗಿದಂತೆ ಕಂಡರೂ ಕೂತ ಹತ್ತು ನಿಮಿಷಕ್ಕೆ ಬಟ್ಟೆ ಒದ್ದೆ. ಹೊಳೆಬಂಡೆಯ ಕಥೆಯೂ ಅದೇ. ಇದಕ್ಕೆ ನನ್ನ ಉಪಾಯ ಹಳೆ ಕೊಡೆ. ಘಟ್ಟದ ಮೇಲಿನ ಮಳೆಗೆ ವರ್ಷಕ್ಕೆ ಒಂದೆರಡಾದರೂ ಕೊಡೆ ಕಡ್ಡಿ ಮುರಿದು ಅಟ್ಟ ಸೇರದ ಮನೆ ಶಿರಸಿಯಲ್ಲಿದ್ದರೆ ತೋರಿಸಿ. ಕಡ್ಡಿ ಹೋದರೂ ಬಟ್ಟೆ ಗಟ್ಟಿಮುಟ್ಟಾಗಿರುತ್ತದೆ. ಸಾಮಾನ್ಯವಾಗಿ ಒಂದು ಕೊಡೆಗೆ ಎಂಟು ತ್ರಿಕೋನ. ಕಡ್ಡಿಯ ತುದಿಗೆ ಹಾಕಿದ ಹೊಲಿಗೆ ಬಿಡಿಸಿ, ತ್ರಿಕೋನಗಳನ್ನು ಬೇರೆ ಮಾಡಿ, ಒಂದನ್ನು ನೇರ ಒಂದನ್ನು ತಲೆಕೆಳಗೆ ಇಟ್ಟು ಜೋಡಿಸಿದರೆ ಉದ್ದದ ಪಟ್ಟಿಯಾಗುತ್ತದೆ. ನನ್ನ ಅಳತೆಗೆ ಮೂರು ದೊಡ್ಡ ಕೊಡೆ ಬಹುತೇಕ ಸಾಕು, ನಾಲ್ಕಿದ್ದರೆ ನಿಶ್ಚಿಂತೆ.

ಕೊಡೆಬಟ್ಟೆ ಹೊಲಿಯುವಾಗ ಕೆಲವು ಸೂಕ್ಷ್ಮಗಳಿವೆ. ಗುಂಡುಸೂಜಿ ಚುಚ್ಚಿದ ತೂತು ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹಿಡಿಸುತ್ತೇನೆ. ಮಷಿನ್ನಿಗೆ 14ರ ಹೊಸ ಸೂಜಿ, ಹೊಲಿಗೆ ಸ್ವಲ್ಪ ಉದ್ದವಾಗಿ. ಸಣ್ಣ ಹೊಲಿಗೆ ಹಾಕಿದರೆ ತೂತುಗಳು ಒತ್ತೊತ್ತಾಗಿ ಬಿದ್ದು ಅದೇ ಗೆರೆಯಲ್ಲಿ ಬಟ್ಟೆ ಹರಿಯುತ್ತದೆ. ಜೋಡಣೆಗೆ ಜೀನ್ಸ್ ಪ್ಯಾಂಟಿನ ಬದಿಯಲ್ಲಿ ಬರುವ ಮಡಚುಹೊಲಿಗೆ ಹಾಕಿದರೆ ಎಳೆ ಬಿಡುವ ಚಿಂತೆ ಇಲ್ಲ. ಬಟ್ಟೆ ಮಷಿನ್ನಿನ ಪಾದಕ್ಕೆ ಅಂಟಿ ಮುಂದೆ ಹೋಗದಿದ್ದರೆ ಮೇಲೊಂದು ಪೇಪರ್ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರವೂ ತರಬೇಡಿ, ಕರಗುತ್ತದೆ. ಉಗುರಿನಿಂದ ಒತ್ತಿ ಮಡಿಕೆ ಕೂರಿಸಿದರೆ ಸಾಕು.

ಈ ಕೊಡೆಬಟ್ಟೆಯನ್ನು ಕವಂದಿಗೆ ಹೊಲಿದು ಸೇರಿಸಿಲ್ಲ. ಸೇರಿಸಿದರೆ ನೂರಾರು ಹೊಲಿಗೆಯ ತೂತಿನಿಂದ ನೀರು ಏರುತ್ತದೆ, ಒಣಗುವುದೂ ನಿಧಾನ. ಎರಡಕ್ಕೂ ನಾಲ್ಕು ಮೂಲೆ ಮತ್ತು ನಾಲ್ಕು ಬದಿಯ ನಡುವೆ ಕಸೆ ಹೊಲಿದಿದ್ದೇನೆ. ಬೇಕಾದಾಗ ಕಟ್ಟು, ಮನೆಗೆ ಬಂದ ಮೇಲೆ ಬಿಚ್ಚು. ಕೊಡೆಬಟ್ಟೆಗೆ ಒಂದು ಬಕೆಟ್ ನೀರು ಹೊಯ್ದು ತಂತಿಗೆ ಹಾಕಿದರೆ ಚಹಾ ಕುಡಿಯುವುದರೊಳಗೆ ಒಣಗಿರುತ್ತದೆ.

ಮೂಲೆಯ ಫುಲಾವನ್ನು ಮಾತ್ರ ನಾನು ಸ್ವಲ್ಪ ಬದಲಿಸಿಕೊಂಡೆ. ಅವರದ್ದು ಅಲಂಕಾರ. ನಾನು ಅದನ್ನೇ ಅಂಗೈಯಗಲ ದೊಡ್ಡದು ಮಾಡಿ ಒಂದು ಬದಿ ತೆರೆದು ಬಿಟ್ಟೆ. ಈಗ ಅದು ಕಿಸೆ. ಕಡಲತೀರದಲ್ಲಿ ಬಿಸಿಲೇರಿದ ಮೇಲೆ ಪಡುವಣ ಗಾಳಿ ಎದ್ದರೆ ಹಾಸಿನ ಮೂಲೆ ಮಡಚಿ ಅನ್ನದ ಮೇಲೆ ಬೀಳುವುದು ಎಲ್ಲರಿಗೂ ಗೊತ್ತು. ನಾಲ್ಕೂ ಕಿಸೆಗೆ ಎರಡೆರಡು ಹಿಡಿ ಮರಳು ತುಂಬಿದರೆ ಹಾಸು ಅಲುಗುವುದಿಲ್ಲ. ಹೊರಡುವಾಗ ಉಲ್ಟಾ ಹಿಡಿದು ಕೊಡವಿದರೆ ಅಲ್ಲಿಯ ಮರಳು ಅಲ್ಲಿಗೇ. ಹೊಳೆಗೆ ಹೋದಾಗ ಅದೇ ಕಿಸೆಗೆ ಬೆಣಚುಕಲ್ಲು. ಆ ಯಲ್ಲಾಪುರದವರಿಗೆ ತೋರಿಸಿದಾಗ ಕಿಸೆಯೊಳಗೆ ಕೈ ಹಾಕಿ ನೋಡಿ, ಇದರಲ್ಲಿ ಎಲೆಯಡಿಕೆ ಇಡಬಹುದು ಅಂದರು. ಅದೂ ಆಯಿತು.

ಕಾಡಿನ ಕಡೆ ಹೋಗುವವರಿಗೆ ಬಣ್ಣದ ಬಗ್ಗೆ ಒಂದು ಮಾತು. ಶಿರಸಿ, ಸಿದ್ದಾಪುರದ ಕಡೆ ಬೇಸಿಗೆ ಅಂದರೆ ಉಣ್ಣಿಯ ಕಾಲವೂ ಹೌದು. ಮಂಗನ ಕಾಯಿಲೆ ಹರಡುವುದು ಈ ಉಣ್ಣಿಯಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು ಇನ್ನೂ ನಮ್ಮನ್ನು ಬಿಟ್ಟಿಲ್ಲ. ಕಾಯಿಲೆಯ ಸುದ್ದಿ ಇರುವ ಕಾಡಿಗೆ ನಾವು ಹೋಗುವುದೇ ಇಲ್ಲ. ಉಳಿದ ಕಡೆಯೂ ತರಗೆಲೆಯ ಮೇಲೆ ಹಾಸು ಹಾಕದೆ ಬಂಡೆಯ ಮೇಲೆ ಹಾಕುತ್ತೇವೆ. ಹಾಸಿನ ಸುತ್ತ ಮೊದಲ ಸುತ್ತಿಗೆ ನಾನು ಬಿಳಿ ಪಂಚೆಯ ತುಂಡುಗಳನ್ನೇ ಇಟ್ಟದ್ದು ಇದಕ್ಕೆ. ಗೇಣಗಲದ ಬಿಳಿ ಅಂಚಿನ ಮೇಲೆ ಕರಿಚುಕ್ಕೆ ಹರಿದರೆ ಕಣ್ಣಿಗೆ ಬೀಳುತ್ತದೆ, ಹೂಹೂವಿನ ಬಟ್ಟೆಯಲ್ಲಿ ಕಾಣುವುದಿಲ್ಲ. ಕೊಳೆ ಕಾಣುತ್ತದೆ ಅನ್ನುವವರಿಗೆ ನನ್ನ ಉತ್ತರ, ಕಾಣಲಿ ಅಂತಲೇ.

ಈಗ ದಾರದ ಕೆಲಸ. ನಮ್ಮ ಪೇಟೆಯಲ್ಲಿ ‘ಉಲ್ಲನ್’ ಅಂದರೆ ಬರುವ ಉಂಡೆ ಹೆಚ್ಚಾಗಿ ಅಕ್ರಿಲಿಕ್. ಬಾಗಿಲ ತೋರಣಕ್ಕೆ ಚಂದ, ಪಿಕ್ನಿಕ್ಕಿಗೆ ದಂಡ. ನೀರು ಹೀರುವುದಿಲ್ಲ, ಬೆವರಿದ ಕೈಗೆ ಕಿರಿಕಿರಿ, ಬಿಸಿ ಪಾತ್ರೆ ಹಿಡಿಯಲು ಬಳಸಿದರೆ ಕರಗಿ ಕೈ ಸುಡುವ ಅಪಾಯ ಬೇರೆ. ನಾನು ಹತ್ತಿಯ ದಾರ ಮಾತ್ರ ತರುತ್ತೇನೆ. ಅಂಗಡಿಯವರು ಕಾಟನ್ ಅಂದದ್ದೆಲ್ಲ ಕಾಟನ್ ಆಗಿರುವುದಿಲ್ಲ. ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಸಿಂಥೆಟಿಕ್ ಸೇರಿದ್ದರೆ ತುದಿಯಲ್ಲಿ ಕರಗಿ ಗಟ್ಟಿ ಗುಂಡು ಕಟ್ಟುತ್ತದೆ.

ಮಕ್ಕಳ ಬಾಟಲಿ ಚೀಲ ಕ್ರೋಶಾದಲ್ಲಿ, ಅಂದರೆ ಒಂದೇ ಕೊಕ್ಕೆಕಡ್ಡಿಯ ಹೆಣಿಗೆಯಲ್ಲಿ, ಕೈ ಕೂರಿಸಿಕೊಳ್ಳಲು ಹೇಳಿ ಮಾಡಿಸಿದ ಕೆಲಸ. ಒಂದು ಲೀಟರಿನ ಸ್ಟೀಲ್ ಬಾಟಲಿಯ ತಳ ಸುಮಾರು ಮೂರು ಇಂಚು. ಸ್ವಲ್ಪ ದಪ್ಪ ದಾರ, 4 ಮಿಲಿಮೀಟರ್ ಕಡ್ಡಿ. ಮೊದಲ ಸುತ್ತಿನಲ್ಲಿ 6 ಸಿಂಗಲ್ ಕ್ರೋಶಾ (ಕ್ರೋಶಾದ ಗಿಡ್ಡ, ಗಟ್ಟಿ ಹೊಲಿಗೆ), ಆಮೇಲೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸುತ್ತ ಹೋಗಿ: 12, 18, 24, 30, 36. ಬಿಲ್ಲೆ ಬಟ್ಟಲಿನಂತೆ ಎದ್ದರೆ ಹೆಚ್ಚಿಸುವುದು ಕಡಿಮೆಯಾಗಿದೆ, ಅಂಚು ನೆರಿಗೆ ನೆರಿಗೆಯಾದರೆ ಜಾಸ್ತಿಯಾಗಿದೆ. ಸುತ್ತಿಗೆ ಆರು ಅನ್ನುವ ಲೆಕ್ಕ ಹಿಡಿದವರಿಗೆ ದುಂಡಗಿನ ಯಾವುದೂ ಕಷ್ಟವಲ್ಲ. ಟೋಪಿ, ಚಾಪೆ, ಪಾತ್ರೆ ಮುಚ್ಚಳ ಎಲ್ಲದರ ಬುಡ ಇದೇ. ಬಿಲ್ಲೆ ಬಾಟಲಿಯ ತಳಕ್ಕೆ ಸರಿಹೊಂದಿದ ಮೇಲೆ ಹೆಚ್ಚಿಸದೆ ಮೂರು ಸುತ್ತು ಗಟ್ಟಿಯಾಗಿ ಹಾಕಿ. ಅಲ್ಲಿಂದ ಮೇಲೆ ಬಲೆ: ಐದು ಚೈನ್ (ಸರಪಳಿಯಂತೆ ಬರುವ ಕುಣಿಕೆ), ಎರಡು ಬಿಟ್ಟು ಮೂರನೆಯದಕ್ಕೆ ಸಿಂಗಲ್ ಕ್ರೋಶಾ. 36ಕ್ಕೆ ಸರಿಯಾಗಿ 12 ಕಣ್ಣು. ಮುಂದಿನ ಸುತ್ತಿನಲ್ಲಿ ಪ್ರತಿ ಕಣ್ಣಿನ ನಡುವಿಗೆ ಕಡ್ಡಿ ಹಾಕಿ ಮತ್ತೆ ಐದು ಚೈನ್. ಬಾಟಲಿಯ ಭುಜದವರೆಗೆ ಹೀಗೇ ಏರಿಸಿ, ಬಾಯಿಗೆ ಬಂದಾಗ ಎರಡು ಸುತ್ತು ಗಟ್ಟಿ.

ಹೆಗಲ ಪಟ್ಟಿಗೆ ಬರೀ ಚೈನ್ ಹಾಕಿ ಮುಗಿಸುವವರಿದ್ದಾರೆ. ಒಂದು ಲೀಟರ್ ನೀರಿನ ತೂಕವೇ ಒಂದು ಕಿಲೋ, ಅದಕ್ಕೆ ಬಾಟಲಿಯದೂ ಸೇರಬೇಕು. ಚೈನು ಜಗ್ಗಿ ಮೊಣಕಾಲಿಗೆ ಬರುತ್ತದೆ, ಹೆಗಲಿಗೂ ಕೊರೆಯುತ್ತದೆ. ಆರು ಸಿಂಗಲ್ ಕ್ರೋಶಾ ಅಗಲದ ಪಟ್ಟಿ ಹೆಣೆದರೆ ಗಟ್ಟಿ. ಬೇಕಾದ ಉದ್ದಕ್ಕಿಂತ ಎರಡು ಇಂಚು ಗಿಡ್ಡ ಮಾಡಿ, ನೀರು ತುಂಬಿದ ಬಾಟಲಿ ಹಾಕಿ ಒಂದು ರಾತ್ರಿ ಗೋಡೆಯ ಮೊಳೆಗೆ ನೇತುಹಾಕಿ ಬಿಡುತ್ತೇನೆ. ಜಗ್ಗುವಷ್ಟು ಅಲ್ಲೇ ಜಗ್ಗಲಿ. ತೀರಾ ಚಿಕ್ಕ ಮಕ್ಕಳಿಗೆ ಹೆಗಲ ಪಟ್ಟಿ ಬೇಡವೇ ಬೇಡ, ಜೋಕಾಲಿಗೋ ಕೊಂಬೆಗೋ ಸಿಕ್ಕಿಕೊಳ್ಳುತ್ತದೆ. ಅವರದ್ದಕ್ಕೆ ಕೈ ಹಿಡಿಕೆ ಸಾಕು. ಈ ಪಟ್ಟಿಯ ಕೆಲಸವನ್ನು ನಾನು ಬಸ್ಸಿಗೆ ಮೀಸಲಿಡುತ್ತೇನೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಸುತ್ತಿನ ಎಣಿಕೆ ನೆನಪಿರುವುದಿಲ್ಲ. ಪಟ್ಟಿಗೆ ಎಣಿಕೆಯ ಹಂಗಿಲ್ಲ, ಆರು ಹೋಗು, ತಿರುಗು, ಆರು ಬಾ.

ಹತ್ತಿಯ ಚೀಲವನ್ನು ಒದ್ದೆ ಮಾಡಿದರೆ ನೀರು ತಂಪಾಗಿರುತ್ತದೆ ಅನ್ನುವುದು ನಿಜ. ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ದಾರದ ನೀರು ಆರುವಾಗ ಬಾಟಲಿಯ ಶಾಖವನ್ನು ಎಳೆದುಕೊಳ್ಳುತ್ತದೆ, ಅದಕ್ಕೆ ಒಣಗಾಳಿ ಬೇಕು. ಘಟ್ಟದ ಮೇಲೆ ಮಾರ್ಚ್, ಏಪ್ರಿಲಿನಲ್ಲಿ ಚೆನ್ನಾಗಿ ನಡೆಯುತ್ತದೆ. ಮೇ ತಿಂಗಳ ಕಾರವಾರದಲ್ಲಿ ಗಾಳಿಯೇ ಒದ್ದೆ, ಹಾಗಾಗಿ ತಂಪೂ ಅಷ್ಟಕ್ಕಷ್ಟೇ. ಎರಡು ಪದರದ ಥರ್ಮಸ್ ಬಾಟಲಿಗಂತೂ ಹೊರಗೆ ಎಷ್ಟು ನೀರು ಹೊಯ್ದರೂ ಒಳಗಿನದಕ್ಕೆ ಗೊತ್ತೇ ಆಗುವುದಿಲ್ಲ.

ಬಲೆಚೀಲ ಇದರದೇ ದೊಡ್ಡಣ್ಣ. ಮಕ್ಕಳ ಬಕೆಟ್ಟು, ಚಿಪ್ಪು, ಚೆಂಡು ತುಂಬಿ ಎರಡು ಸಲ ಝಾಡಿಸಿದರೆ ಮರಳೆಲ್ಲ ಕೆಳಗೆ. ಕ್ರೋಶಾ ಬಲೆಗೆ ಒಂದು ದೋಷ ಇದೆ, ಒಂದು ಎಳೆ ಕಡಿದರೆ ಪಕ್ಕದ ಕಣ್ಣುಗಳೂ ಬಿಚ್ಚುತ್ತ ಹೋಗುತ್ತವೆ. ಬೈತಖೋಲದ ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತ ಕೂತ ಹಿರಿಯರೊಬ್ಬರ ಕೈಯನ್ನೇ ನೋಡುತ್ತ ನಿಂತಾಗ ತಿಳಿದದ್ದು, ಮೀನುಬಲೆಯಲ್ಲಿ ಪ್ರತಿ ಕಣ್ಣಿಗೂ ಬೇರೆ ಗಂಟು. ದಾರ ಸುತ್ತಿದ ಚಪ್ಪಟೆ ಕಡ್ಡಿಯನ್ನು ಮೇಲಿನ ಕಣ್ಣಿನೊಳಗೆ ತೂರಿಸಿ, ಹೆಬ್ಬೆರಳಿನಿಂದ ಅದುಮಿ ಹಿಡಿದು, ಹಿಂದಿನಿಂದ ಸುತ್ತು ತಂದು ಎಳೆದರೆ ಗಂಟು ಕಚ್ಚಿಕೊಳ್ಳುತ್ತದೆ. ಒಂದು ಕಣ್ಣು ಹರಿದರೆ ಒಂದೇ ಕಣ್ಣು ಹೋಗುತ್ತದೆ, ಬಲೆ ಉಳಿಯುತ್ತದೆ. ಅವರ ವೇಗ ಈ ಜನ್ಮಕ್ಕೆ ನನಗೆ ಬರುವುದಿಲ್ಲ. ಆದರೂ ಭಾರದ ಚೀಲಕ್ಕೆ ಈಗ ಆ ಗಂಟನ್ನೇ ಹಾಕುತ್ತೇನೆ, ಹಿಡಿಕೆ ಮಾತ್ರ ಕ್ರೋಶಾ. ಮಾವಿಗೆ ಬಳಸುವಾಗ ಜೋಪಾನ. ಅಂಕೋಲೆಯ ಕರಿ ಇಶಾಡಿನ ಸಿಪ್ಪೆ ತೀರಾ ತೆಳು, ಬಲೆಯಲ್ಲಿ ಹಾಗೇ ತುಂಬಿದರೆ ದಾರದ ಗುರುತು ಬಿದ್ದು ಅಲ್ಲೇ ಕೊಳೆಯಲು ಶುರು. ಒಳಗೊಂದು ಹಳೆ ಪಾಣಿಪಂಚೆ ಹಾಸಿಕೊಳ್ಳಿ.

ಕ್ರೋಶಾ ಟೋಪಿಯ ಬಗ್ಗೆ ನನಗೆ ಅಷ್ಟೇನೂ ಪ್ರೀತಿ ಇಲ್ಲ. ಫೋಟೋಗೆ ಚಂದ, ಕಣ್ಣುಕಣ್ಣಿನಿಂದ ಬಿಸಿಲು ಇಳಿದು ಮಕ್ಕಳ ಹಣೆಯ ಮೇಲೆ ಚುಕ್ಕೆ ಬೀಳುತ್ತಿರುತ್ತದೆ. ಬಿಸಿಲಿಗೆ ಬಟ್ಟೆಯ ಟೋಪಿಯೇ ಸೈ. ಅಂಚಿನ ಲೆಕ್ಕ ಮಾತ್ರ ಹೇಳುತ್ತೇನೆ, ಹೆಚ್ಚಿನವರು ಗೊಂದಲ ಮಾಡಿಕೊಳ್ಳುವುದು ಅಲ್ಲೇ. ತಲೆಯ ಸುತ್ತಳತೆಗೆ ಅರ್ಧ ಇಂಚು ಸೇರಿಸಿ 6.28ರಿಂದ ಭಾಗಿಸಿ. 21 ಇಂಚಿನ ತಲೆಯಾದರೆ ಸುಮಾರು 3.4 ಇಂಚು ಬರುತ್ತದೆ. ಹೊಲಿಗೆಗೆ ಬಿಡುವ ಬಟ್ಟೆ ಕಳೆದು ಮೂರು ಇಂಚು ತ್ರಿಜ್ಯಕ್ಕೆ ಒಳಗಿನ ವೃತ್ತ ಕತ್ತರಿಸಿ, ಅಲ್ಲಿಂದ ಹೊರಗೆ ಅಂಚು ಎಷ್ಟಗಲ ಬೇಕೋ ಅಷ್ಟು. ನಾನು ಎರಡೂವರೆ ಇಂಚು ಇಡುತ್ತೇನೆ, ಹೆಚ್ಚಾದರೆ ಗಾಳಿಗೆ ಮೇಲೇಳುತ್ತದೆ. ಎರಡು ಪದರದ ನಡುವೆ ಕಾಲರಿಗೆ ಹಾಕುವ ಕ್ಯಾನ್ವಾಸ್, ಅದನ್ನೂ ಮೊದಲೇ ನೆನೆಸಿ ಒಣಗಿಸಿದ್ದು. ಕಾಲಿಂಚಿಗೊಂದು ದುಂಡು ಹೊಲಿಗೆ ಹಾಕುತ್ತ ಹೋದರೆ ತೊಳೆದರೂ ಅಂಚು ಜೋಲುವುದಿಲ್ಲ.

ಬಾಳೆಲೆಗೊಂದು ಕವಚ ಹೊಲಿದದ್ದನ್ನು ಎಲ್ಲರೂ ಕೇಳಿ ಇಸಿದುಕೊಂಡು ಹೋಗುತ್ತಾರೆ. ಪೇಪರ್ ತಟ್ಟೆ ಗಾಳಿಗೆ ಹಾರುತ್ತದೆ, ಸ್ಟೀಲ್ ತಟ್ಟೆ ಹೊರುವುದು ಕಷ್ಟ. ಎಲೆಯನ್ನು ಒರೆಸಿ, ಒಲೆಯ ಉರಿಗೆ ಲಘುವಾಗಿ ಬಾಡಿಸಿದರೆ ಮೆತ್ತಗಾಗುತ್ತದೆ, ಸೀಳುವುದಿಲ್ಲ. ದಂಟು ಉದ್ದಕ್ಕೆ ನೇರ ಉಳಿಯುವಂತೆ ಸುರುಳಿ ಸುತ್ತಬೇಕು, ಅಡ್ಡ ಸುತ್ತಿದರೆ ದಂಟು ಮುರಿಯುತ್ತದೆ. ಕವಚಕ್ಕೆ 24 ಇಂಚು ಉದ್ದ, 18 ಇಂಚು ಅಗಲದ ದಪ್ಪ ಬಟ್ಟೆ, ಒಳಗೆ ಪಾಣಿಪಂಚೆಯ ಪದರ, ಮೂರು ಕಡೆ ಕಸೆ. ಒಳಪದರವನ್ನು ಸ್ವಲ್ಪ ಒದ್ದೆ ಮಾಡಿ ಎಲೆಯ ಸುರುಳಿ ಇಟ್ಟು ಕಟ್ಟಿದರೆ ಶಿರಸಿಯ ಎಲೆ ಕಾರವಾರದಲ್ಲೂ ಹಸಿರಾಗೇ ಇರುತ್ತದೆ. ಡಬ್ಬಿಯ ಚೀಲ, ಬುತ್ತಿ ಬಟ್ಟೆಗಳ ಬಗ್ಗೆ ಬರೆಯುವಂಥದ್ದೇನಿಲ್ಲ, ಎಲ್ಲರಿಗೂ ಗೊತ್ತಿರುವುದೇ.

ಅಪ್ಪೆಹುಳಿ, ಮುರುಗಲು ಶರಬತ್ತಿನ ಲೋಟಕ್ಕೆ ಮಣಿ ಕಟ್ಟಿದ ಮುಚ್ಚಳ ಇರಬೇಕು. ಹಲಸಿನ ಹಣ್ಣಿನ ಕಾಲದಲ್ಲಿ ನೊಣಕ್ಕೆ ಕರೆಯೋಲೆ ಬೇಡವಲ್ಲ. ತೆಳು ದಾರದಲ್ಲಿ ಐದು ಇಂಚಿನ ಬಿಲ್ಲೆ ಹಾಕಿ, ಕೊನೆಯ ಸುತ್ತಿನಲ್ಲಿ ಮಣಿ. ಮಣಿಗಳನ್ನು ಆ ಸುತ್ತಿಗೆ ಮೊದಲೇ ದಾರಕ್ಕೆ ಪೋಣಿಸಿಕೊಂಡು, ಬೇಕಾದಲ್ಲಿ ಒಂದೊಂದನ್ನೇ ಕಡ್ಡಿಯ ಹತ್ತಿರ ತಂದು ಹೊಲಿಗೆ ಹಾಕಿದರೆ ಕೂರುತ್ತದೆ. ಪ್ಲಾಸ್ಟಿಕ್ ಮಣಿಗೆ ತೂಕ ಇಲ್ಲ, ಗಾಳಿ ಬಂದರೆ ಮುಚ್ಚಳವೇ ಹಾರುತ್ತದೆ. ಗಾಜಿನ ಮಣಿ ಬೇಕು. ಹಾಲಕ್ಕಿ ಹೆಂಗಸರು ಕೊರಳ ತುಂಬ ಹಾಕುವ ಮಣಿಸರ ನೋಡಿದ ಮೇಲೆ ನಾನು ಬಣ್ಣ ಆರಿಸುವ ರೀತಿಯೇ ಬದಲಾಯಿತು. ಕಪ್ಪಿನ ಪಕ್ಕ ಹಳದಿ, ನಡುವೆ ಒಂದು ಕೆಂಪು. ಗಂಜಿ ಹಾಕಿ ಬಿಗಿ ಮಾಡಲು ಹೋಗಬೇಡಿ. ಕಡಲ ಗಾಳಿಗೆ ಅರ್ಧ ಗಂಟೆಯಲ್ಲಿ ಜೋಲುತ್ತದೆ, ಮಳೆಗಾಲದಲ್ಲಿ ಕಪಾಟಿನೊಳಗೆ ಜಿರಲೆಗೆ ಊಟವಾಗುತ್ತದೆ.

ಇಷ್ಟರಲ್ಲಿ ಗಮನಿಸಿರಬಹುದು, ಎಲ್ಲಿಯೂ ಜಿಪ್ ಇಲ್ಲ, ಒತ್ತುಗುಂಡಿ ಇಲ್ಲ. ಉಪ್ಪುಗಾಳಿಗೆ ಲೋಹ ಬೇಗ ಕಿಲುಬು, ತುಕ್ಕು ಹಿಡಿಯುತ್ತದೆ, ಜಿಪ್ಪಿನ ಹಲ್ಲಿಗೆ ಮರಳು ಹೊಕ್ಕರೆ ಕಥೆ ಮುಗಿಯಿತು. ಕಸೆಯೇ ಎಲ್ಲಕ್ಕಿಂತ ಭರವಸೆ. ಗುಂಡಿ ಬೇಕೇ ಬೇಕು ಅನ್ನುವಲ್ಲಿ ತೆಂಗಿನ ಗರಟೆಯದು: ಚೂರನ್ನು ಮರಳುಕಾಗದಕ್ಕೆ ತಿಕ್ಕಿ ದುಂಡು ಮಾಡಿ, ಎರಡು ತೂತು ಕೊರೆದು, ಕೊಬ್ಬರಿ ಎಣ್ಣೆ ಸವರಿದರೆ ಅಂಗಡಿಯದಕ್ಕಿಂತ ಲಕ್ಷಣ.

ಮನೆಗೆ ಬಂದ ದಿನವೇ ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಬೇಕು, ಸೋಪಿಗಿಂತ ಅದು ಮುಖ್ಯ. ಬಟ್ಟೆಯಲ್ಲಿ ಉಪ್ಪು ಉಳಿದರೆ ಅದು ಗಾಳಿಯ ಪಸೆ ಎಳೆಯುತ್ತಲೇ ಇರುತ್ತದೆ, ಒಣಗಿತು ಅಂದುಕೊಂಡದ್ದು ಮರುದಿನ ಮತ್ತೆ ತೇವ. ಕ್ರೋಶಾ ಸಾಮಾನನ್ನು ನೇತುಹಾಕಿದರೆ ಜಗ್ಗುತ್ತದೆ, ಚಾಪೆಯ ಮೇಲೆ ಹರಡಿ ಒಣಗಿಸಿ. ಜೂನ್ ಮೊದಲ ವಾರದ ಮಳೆಗೆ ಮುಂಚೆ ಎರಡು ದಿನ ಗಟ್ಟಿ ಬಿಸಿಲು ನೋಡಿ ಎಲ್ಲವನ್ನೂ ಕಾಯಿಸಿ, ಲಾವಂಚದ ಬೇರಿನ ಜೊತೆ ಸುತ್ತಿ ಟ್ರಂಕಿಗೆ ಹಾಕುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಆಗಸ್ಟಿನಲ್ಲಿ ತೆಗೆಯುವಾಗ ಬೂಷ್ಟು ಗ್ಯಾರಂಟಿ.

ಈ ಬೇಸಿಗೆಗೆ ಸಮಯ ಕಡಿಮೆ ಇದ್ದವರು ಕವಂದಿಗೆ ಕೈ ಹಾಕಬೇಡಿ, ಅದನ್ನು ಮಳೆಗಾಲದ ಮಧ್ಯಾಹ್ನಗಳಿಗೆ ಇಟ್ಟುಕೊಳ್ಳಿ. ಮೊದಲು ಎಲೆಯ ಕವಚ, ಒಂದು ಸಂಜೆಯ ಕೆಲಸ. ಆಮೇಲೆ ಬಾಟಲಿ ಚೀಲ. ಕೊಡೆಬಟ್ಟೆ ಉಳಿದಿದ್ದರೆ ಮಕ್ಕಳ ಒದ್ದೆ ಚಡ್ಡಿ ಟವೆಲು ತುಂಬಲು ಒಂದು ಚೀಲ: 14 ಇಂಚು ಅಗಲ, 16 ಇಂಚು ಉದ್ದ, ಬಾಯಿಗೆ ಒಂದಿಂಚು ಮಡಚಿ ಲಾಡಿ. ತಂಗಿ ಈ ಸಲ ಅಂಥದ್ದೇ ಮೂರು ಕೇಳಿದ್ದಾಳೆ, ಒಂದೊಂದು ಮಗುವಿಗೆ ಒಂದೊಂದು ಬಣ್ಣ. ಕೊಡೆಗಳೆಲ್ಲ ಕಪ್ಪು ಅಂತ ಹೇಳಿದ್ದಕ್ಕೆ, ಲಾಡಿಯ ಬಣ್ಣವಾದರೂ ಬದಲಿಸು ಅಂದಳು.